ಎಲ್. ಹ್ರುಷ್ಕಾ ಬರೆದ ಕಾಗದಗಳು

ಬಾಗಿಲಲ್ಲಿ ಯಾರೋ ಅಪ್ಪನ ಜೊತೆ ಜಗಳಕ್ಕೆ ನಿಂತಿದ್ದಾರೆಂದು ಲುಡ್ಮಿಲಾಗೆ ಅಡುಗೆಮನೆಯಿಂದಲೇ ಕೇಳಿಸಿತು.

“ನೀವೇ ತಾನೇ ಎಲ್. ಹ್ರುಷ್ಕಾ?”

“ಹೌದಪ್ಪ. ಲಾಡಿಸ್ಲಾವ್ ಹ್ರುಷ್ಕಾ. ಏನಾಗ್ಬೇಕಿತ್ತು?”

“ನನ್ನ ಪತ್ರಿಕೆ ಓದೋಕೆ ಮಂಗಳ ಗ್ರಹದವರ ಕಣ್ಣೇ ಬೇಕು ಅಂತ ಬರೆದ್ರಲ್ಲ ನೀವು! ಒಂದೊಂದು ಹಾಳೆನೂ ಕೈಯಲ್ಲೇ ಒತ್ತಿ ತೆಗಿಯೋದು ಸಾರ್. ಮೂವತ್ತೊಂಬತ್ತನೇ ಪ್ರತಿ ಹೊತ್ತಿಗೆ ಶಾಯಿ ಮಾಸದೆ ಇನ್ನೇನಾಗತ್ತೆ?”

ಅಪ್ಪ ಇಪ್ಪತ್ತೆಂಟು ವರ್ಷದಿಂದ ಕಲ್ಲಿದ್ದಲು ಕಡಿಯುತ್ತಿದ್ದ ಮನುಷ್ಯ. ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆಯುವುದೇ ಅವನಿಗೊಂದು ಕೆಲಸ. “ನೋಡು ಮಗಾ,” ಎಂದ, “ನಾನು ದಿನಾ ಹೋಗೋದು ಕೆಳಕ್ಕೆ. ಮೇಲಿನ ಗ್ರಹಗಳ ಸಮಾಚಾರ ನನಗೆ ಗೊತ್ತಿಲ್ಲ.”

ಲುಡ್ಮಿಲಾ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. ಮೆಟ್ಟಿಲ ಮೇಲೆ ನಿಂತಿದ್ದವನು ಉದ್ದಕ್ಕೆ, ಬಡಕಲಾಗಿದ್ದ. ಕಿವಿಗಳು ಮುಖಕ್ಕೆ ಸ್ವಲ್ಪ ಹೆಚ್ಚಾಗಿದ್ದವು. ಎರಡೂ ಕೈ ಮಣಿಕಟ್ಟಿನವರೆಗೆ ನೇರಳೆ ಬಣ್ಣ. ಆ ಕೈ ನೋಡಿದ ಕೂಡಲೇ ಅವನು ಯಾರೆಂದು ಅವಳಿಗೆ ಗೊತ್ತಾಯಿತು.

“ಎಲ್. ಅಂದ್ರೆ ಲುಡ್ಮಿಲಾ,” ಎಂದಳು. “ಬರೆದಿದ್ದು ನಾನು. ಮಂಗಳದವರಿಗೂ ಕಾಣ್ಸಲ್ಲ ಅಂತ ಬರೀಬೇಕಿತ್ತು. ತಪ್ಪಾಯ್ತು.”

ಅವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. “ನೀವು... ಹೆಂಗಸು.”

“ಅಪ್ಪನಿಗೂ ಆ ಅನುಮಾನ ಮೊದಲಿಂದ ಇದೆ.”

ಅಪ್ಪ ಕೆಮ್ಮುತ್ತ ಒಳಗೆ ಹೋದ. ಅದು ನಗೆಯೋ ಗಣಿಯ ಕೆಮ್ಮೋ ಹೇಳುವುದು ಕಷ್ಟ.

“ಮೀಸೆ ಇರೋ, ಐವತ್ತು ವರ್ಷದ ಮೇಷ್ಟ್ರು ಅಂದ್ಕೊಂಡಿದ್ದೆ ನಿಮ್ಮನ್ನ,” ಎಂದ ಪತ್ರಿಕೆಯ ಸಂಪಾದಕ ಎಮ್ಲಿನ್ ಪ್ರಿಚರ್ಡ್. ಕಿವಿ ಕೆಂಪಾಗಿತ್ತು.

“ನಾನು ನಿಮ್ಮನ್ನ ಹನ್ನೆರಡು ವರ್ಷದ ಹುಡುಗ ಅಂದ್ಕೊಂಡಿದ್ದೆ. ನಿಮ್ಮ ಸ್ಪೆಲ್ಲಿಂಗ್ ನೋಡಿ.”

ಅವನು ನಕ್ಕ. ಜಗಳಕ್ಕೆ ಬಂದವನು ಹಾಗೆ ಮನಸ್ಸು ಬಿಚ್ಚಿ ನಗಬಹುದೆಂದು ಅವಳು ಎಣಿಸಿರಲಿಲ್ಲ. ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು.

ಅದು ಸಾವಿರದ ಒಂಬೈನೂರ ಮೂವತ್ತೇಳರ ಅಕ್ಟೋಬರ್, ಪೆನ್ಸಿಲ್ವೇನಿಯಾದ ಸ್ಕ್ರಾಂಟನ್. ಊರಿನ ಅರ್ಧ ಗಣಿಗಳು ಮುಚ್ಚಿದ್ದವು. ತೆರೆದಿದ್ದ ಗಣಿಗಳೂ ವಾರಕ್ಕೆ ಮೂರೇ ದಿನ ಶಿಳ್ಳೆ ಹಾಕುತ್ತಿದ್ದವು. ಲುಡ್ಮಿಲಾ ರೇಷ್ಮೆ ಗಿರಣಿಯ ಆಫೀಸಿನಲ್ಲಿ ಟೈಪಿಸ್ಟ್. ರಾಕೆಟ್ಟು, ಬೇರೆ ಲೋಕ, ಬರಲಿರುವ ಕಾಲ ಇವುಗಳ ಕತೆ ಹಾಕುವ ಅಗ್ಗದ ಮಾಸಪತ್ರಿಕೆಗಳನ್ನು ರದ್ದಿ ಅಂಗಡಿಯಲ್ಲಿ ಕೊಂಡು, ರಟ್ಟು ಕಿತ್ತುಹಾಕಿ, ಚೀಲದ ತಳದಲ್ಲಿಟ್ಟು ಮನೆಗೆ ತರುತ್ತಿದ್ದಳು. ರಟ್ಟಿನ ಮೇಲಿನ ಚಿತ್ರಗಳನ್ನು ಅಪ್ಪ ನೋಡಿದರೆ ಪಾದ್ರಿಗಳ ತನಕ ದೂರು ಹೋಗುತ್ತಿತ್ತು.

ಅಂಥ ಕತೆಗಳ ಹುಚ್ಚು ಹಿಡಿದವರು ದೇಶದಲ್ಲೆಲ್ಲ ಸೇರಿ ಕೆಲವು ನೂರು ಮಂದಿ ಇದ್ದಿರಬಹುದು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೂ ಕಾಗದ ಬರೆದುಕೊಳ್ಳುತ್ತಿದ್ದರು, ಜಗಳವಾಡುತ್ತಿದ್ದರು. ಕೆಲವರು ತಾವೇ ಒಂದೊಂದು ಪುಟ್ಟ ಪತ್ರಿಕೆ ಮಾಡಿ ಅಂಚೆಗೆ ಹಾಕುತ್ತಿದ್ದರು. ಎಮ್ಲಿನ್‌ನ ಪತ್ರಿಕೆಯ ಹೆಸರು ‘ಪ್ಲೂಟೋದಾಚೆ’. ಗಣಿಯಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುವುದು ಅವನ ಕೆಲಸ. ಕೆಲಸವಿಲ್ಲದ ದಿನಗಳಲ್ಲಿ ಅಮ್ಮನ ಕೇಕಿನ ತಟ್ಟೆಯಲ್ಲಿ ಜೆಲ್ಲಿ ಹೆಪ್ಪುಹಾಕಿ, ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತಿ, ಆ ಅಚ್ಚಿನಿಂದ ನಲವತ್ತು ಪ್ರತಿ ತೆಗೆಯುತ್ತಿದ್ದ. ಮೊದಲ ಪ್ರತಿ ಕಡುನೇರಳೆ. ಕೊನೆಯದು ಬರೀ ನೆರಳು.

ಓದುಗರಿಗೆ ಕತೆಗಳಿಗಿಂತ ಕೊನೆಯ ನಾಲ್ಕು ಪುಟಗಳ ಮೇಲೆ ಕಣ್ಣು. ಅಲ್ಲಿ ಬರೆದವರ ವಿಳಾಸದ ಸಮೇತ ಕಾಗದಗಳು ಅಚ್ಚಾಗುತ್ತಿದ್ದವು. ‘ಮಿಸ್ಟರ್ ಎಲ್. ಹ್ರುಷ್ಕಾ’ ಎಂಬವರು ಪ್ರತಿ ಸಂಚಿಕೆಯಲ್ಲೂ ಸಂಪಾದಕನ ಚರ್ಮ ಸುಲಿಯುತ್ತಿದ್ದರು. ಅಯೋವಾದಿಂದ ಒಬ್ಬರು ಹ್ರುಷ್ಕಾ ಪರ. ಒಹಾಯೋದ ಓರ್ವಿಲ್ ಟಟ್ಲ್ ಎಂಬ ಔಷಧಿ ಅಂಗಡಿಯವನು ಕಡು ವಿರೋಧಿ. ‘ಈ ಹ್ರುಷ್ಕಾ ಮುದುಕನಿಗೆ ಅಜೀರ್ಣ ಇರಬೇಕು, ನನ್ನ ಅಂಗಡಿಯಿಂದ ಸೋಡಾ ಪುಡಿ ಕಳಿಸಲೇ?’ ಎಂದು ಬರೆದಿದ್ದ. ಲುಡ್ಮಿಲಾ ಆ ಸಾಲನ್ನು ಗಿರಣಿಯ ಟೈಪ್‌ರೈಟರಿನ ಮುಂದೆ ಕೂತು ಹತ್ತು ಸಲ ಓದಿ ನಕ್ಕಿದ್ದಳು. ಇಡೀ ಊರಿನಲ್ಲಿ ಅವಳನ್ನು ಅಷ್ಟು ಗಮನವಿಟ್ಟು ಬೈದವರು ಯಾರೂ ಇರಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಅವಳು ಪ್ರಿಚರ್ಡ್ ಮನೆಗೆ ಹೋಗತೊಡಗಿದಳು. ಅವನು ಜೆಲ್ಲಿ ಒತ್ತುವುದು, ಅವಳು ಅಚ್ಚಿನ ಹಾಳೆ ಟೈಪ್ ಮಾಡುವುದು ಎಂದಾಯಿತು. ವಿಧವೆ ಮಿಸೆಸ್ ಪ್ರಿಚರ್ಡ್ ಅವರು ಬಾಗಿಲು ತೆರೆದಿಟ್ಟು, ಪಕ್ಕದ ಕೋಣೆಯಲ್ಲಿ ವೆಲ್ಷ್ ಹಾಡು ಗುನುಗುತ್ತ ಕಾಲುಚೀಲ ಹೆಣೆಯುತ್ತಿದ್ದರು.

“ನಿಮ್ಮ ಮೂಗಿನ ಮೇಲೆ ಶಾಯಿ,” ಎನ್ನುತ್ತಿದ್ದ ಎಮ್ಲಿನ್.

“ಎಲ್ಲಿ?”

ಅವನು ತೋರಿಸಲು ಬೆರಳೆತ್ತುತ್ತಿದ್ದ. ಆ ಬೆರಳಿನಿಂದ ಇನ್ನೊಂದು ಚುಕ್ಕೆ. “ಇಲ್ಲಿ. ಈಗ ಎರಡಾಯ್ತು.”

“ಬೇಕಂತ್ಲೇ ಮಾಡಿದ್ರಿ.”

“ಕಾಗದ ಬರೆದು ದೂರು ಕೊಡಿ. ಅಚ್ಚು ಹಾಕ್ತೀನಿ.”

ಅವಳು ತಲೆಯೆತ್ತದೆ ಟೈಪ್ ಮಾಡುತ್ತಿದ್ದಳು. ಅವನು ನೋಡುತ್ತಿದ್ದಾನೆಂದು ಗೊತ್ತಿದ್ದರೆ ಅವಳ ಸ್ಪೆಲ್ಲಿಂಗೂ ತಪ್ಪುತ್ತಿತ್ತು.

‘ನೀವು’ ಎನ್ನುವುದು ಯಾವಾಗ ‘ನೀನು’ ಆಯಿತೋ, ಲುಡ್ಮಿಲಾ ಎನ್ನುವುದು ಯಾವಾಗ ಮನೆಯಲ್ಲಿ ಕರೆಯುವ ‘ಮಿಲ್ಕಾ’ ಆಯಿತೋ ಇಬ್ಬರಿಗೂ ನೆನಪಿಲ್ಲ.

ಏಪ್ರಿಲ್ ತಿಂಗಳ ಸಂಚಿಕೆ ಮಾತ್ರ ಅವನು ಅವಳಿಗೆ ತೋರಿಸದೆ ತಾನೊಬ್ಬನೇ ಮಾಡಿದ. ಅದು ಅಂಚೆಯಲ್ಲಿ ಬಂದಾಗ ಲುಡ್ಮಿಲಾ ಗಿರಣಿಯಲ್ಲಿದ್ದಳು. ಲಕೋಟೆಯ ಮೇಲೆ ‘ಎಲ್. ಹ್ರುಷ್ಕಾ’ ಎಂದಿದ್ದರಿಂದ ಅಪ್ಪ ಒಡೆದ. ಸಂಜೆ ಅವಳು ಮನೆಗೆ ಬಂದಾಗ ಅವನು ಮೇಜಿನ ಮುಂದೆ ಕೂತು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದ.

“ಮಿಲ್ಕಾ, ಇದರಲ್ಲಿ ನಾನು ಸತ್ತಿದ್ದೀನಿ ಅಂತ ಇದೆಯಾ?”

ಕಪ್ಪು ಅಂಚು ಬಳಿದ ಪುಟ. ಎಲ್. ಹ್ರುಷ್ಕಾ ಅವರು ಟ್ರಾಮಿಗೆ ಸಿಕ್ಕಿ ತೀರಿಕೊಂಡರು, ಸಾಯುವಾಗಲೂ ಕೈಯಲ್ಲಿ ದೂರಿನ ಕಾಗದವಿತ್ತು, ಎಂದು ಬರೆದಿತ್ತು.

ನಾಲ್ಕು ವರ್ಷದ ಹಿಂದೆ ಅವಳ ಅಣ್ಣ ಯೂರಾಯ್‌ನನ್ನು ಗಣಿಯಿಂದ ಹಲಗೆಯ ಮೇಲೆ ತಂದು ಇದೇ ಮೇಜಿನ ಮೇಲೆ ಮಲಗಿಸಿದ್ದರು. ಲುಡ್ಮಿಲಾ ಕೋಟು ಬಿಚ್ಚದೆ ಹಾಗೇ ತಿರುಗಿ ಹೊರಟಳು. ಪ್ರಿಚರ್ಡ್ ಮನೆಯ ಬಾಗಿಲಲ್ಲಿ ಪತ್ರಿಕೆಯನ್ನು ಅವನ ಎದೆಗೆ ಒತ್ತಿದಳು.

“ನಗು ಬಂತಾ ನಿನಗೆ ಇದನ್ನ ಬರೀವಾಗ?”

“ಮಿಲ್ಕಾ, ಏಪ್ರಿಲ್ ತಮಾಷೆ ಅದು. ಮುದುಕ ಹ್ರುಷ್ಕಾನ್ನ ಸಾಯಿಸಿ, ಮುಂದಿನ ತಿಂಗಳು ಮಿಸ್ ಲುಡ್ಮಿಲಾ ಹ್ರುಷ್ಕಾ ಅಂತ ನಿನ್ನನ್ನ ಎಲ್ಲರಿಗೂ...”

“ನಮ್ಮನೇಲಿ ಎಲ್. ಹ್ರುಷ್ಕಾ ಇನ್ನೊಬ್ಬ ಇದ್ದಾನೆ. ದಿನಾ ಬೆಳಗ್ಗೆ ಕೆಳಗೆ ಇಳೀತಾನೆ. ಅವನು ವಾಪಸ್ ಬರೋ ತನಕ ನಾನು ಗಡಿಯಾರ ನೋಡ್ತಿರ್ತೀನಿ. ನೀನೂ ಗಣಿಯವನೇ ಅಲ್ವೇನೋ? ನಿಮ್ಮಮ್ಮ ಗಡಿಯಾರ ನೋಡಲ್ವಾ?”

ಅವನ ಮುಖ ಬಿಳಿಚಿತು. ಉತ್ತರಕ್ಕೆ ಕಾಯದೆ ಅವಳು ಹೊರಟುಬಂದಳು.

ಮುಂದಿನ ವಾರ ಕಪ್ಪಂಚಿನ ಕಾರ್ಡುಗಳು ಹ್ರುಷ್ಕಾ ಮನೆಗೆ ಬರತೊಡಗಿದವು. ಓದುಗರು ನಿಜವೆಂದೇ ನಂಬಿದ್ದರು. ಅಯೋವಾದವರು ಪುಸ್ತಕದ ನಡುವೆ ಒಣಗಿಸಿದ ಹೂ ಕಳಿಸಿದ್ದರು. ಓರ್ವಿಲ್ ಟಟ್ಲ್ ಎರಡು ಪುಟ ಬರೆದಿದ್ದ: ತಾನು ಆ ಮನುಷ್ಯನ ಮೇಲೆ ಕ್ರೂರವಾಗಿ ಬರೆದೆ, ಈಗ ನಿದ್ದೆ ಬರುತ್ತಿಲ್ಲ. ಲುಡ್ಮಿಲಾ ಎಲ್ಲವನ್ನೂ ಒಂದು ಲಕೋಟೆಗೆ ತುಂಬಿ, ಒಂದು ಅಕ್ಷರವೂ ಬರೆಯದೆ ಎಮ್ಲಿನ್‌ಗೆ ಕಳಿಸಿದಳು.

ಅವನು ಪ್ರತಿಯೊಬ್ಬರಿಗೂ ಕೈಯಾರೆ ಕ್ಷಮೆ ಕೇಳಿ ಬರೆದ. ಅದರಿಂದ ಏನೂ ಸರಿಹೋಗಲಿಲ್ಲ. ಒಬ್ಬರು ಪತ್ರಿಕೆಯನ್ನು ಚೂರು ಚೂರು ಹರಿದು ವಾಪಸು ಕಳಿಸಿದರು. ಹದಿನೈದು ಮಂದಿ ಬಿಟ್ಟುಹೋದರು. ಟಟ್ಲ್ ತನ್ನ ಸ್ವಂತ ಪುಟ್ಟ ಪತ್ರಿಕೆಯ ಮುಖಪುಟದಲ್ಲೇ ಹಾಕಿದ: ‘ಸ್ಕ್ರಾಂಟನ್ನಿನಿಂದ ಬರುವ ಯಾವ ಸಾವಿನ ಸುದ್ದಿಯನ್ನೂ ಇನ್ನು ನಂಬಬೇಡಿ.’

ಭಾನುವಾರ ಸ್ಲೊವಾಕ್ ಇಗರ್ಜಿಯ ಪ್ರಾರ್ಥನೆ ಮುಗಿದಾಗ ಎಮ್ಲಿನ್ ಎದುರಿನ ರಸ್ತೆಯಲ್ಲಿ ಟೋಪಿ ತೆಗೆದು ನಿಂತಿರುತ್ತಿದ್ದ. ಅವಳು ನೋಡದೆ ಹೋಗುತ್ತಿದ್ದಳು. ಅಂದರೆ, ಮೂಲೆ ತಿರುಗುವಾಗ ಒಂದು ಸಲ ನೋಡುತ್ತಿದ್ದಳು. ಆರು ಭಾನುವಾರ ಹೀಗೆ ಕಳೆಯಿತು. ಏಳನೆಯ ಭಾನುವಾರ ಅಪ್ಪ ನಡುರಸ್ತೆಯಲ್ಲಿ ನಿಂತುಬಿಟ್ಟ.

“ಲೋ ನೇರಳೆ ಕೈ! ಬಾ ಇಲ್ಲಿ.”

ಎಮ್ಲಿನ್ ಬಂದ. “ಮಿಸ್ಟರ್ ಹ್ರುಷ್ಕಾ, ನಿಮ್ಮ ಹೆಸರಲ್ಲಿ ಹಾಗೆ ಬರೆದಿದ್ದು ದೊಡ್ಡ ತಪ್ಪು. ನಾನು...”

“ಸತ್ತವನ ಹತ್ರ ಕ್ಷಮೆ ಕೇಳಬಾರದು. ಊಟ ಆಯ್ತಾ?”

“ಇಲ್ಲ.”

“ಪಿರೋಹಿ ಮಾಡಿದ್ದಾಳೆ. ಆಲೂಗಡ್ಡೆ ತುಂಬಿದ ಕಡುಬು. ಬಾ.”

ಲುಡ್ಮಿಲಾ ತಟ್ಟೆಯನ್ನು ಅವನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು. ಆದರೆ ಅದರಲ್ಲಿ ಅಪ್ಪನ ತಟ್ಟೆಗಿಂತ ಎರಡು ಹೆಚ್ಚು ಇದ್ದವು. ಎಮ್ಲಿನ್ ಎಣಿಸಿದ, ತಲೆಯೆತ್ತಿ ನೋಡಿದ, ಎಲ್ಲಾ ತಿಂದ.

ಆ ಬೇಸಿಗೆಯಲ್ಲಿ ಅವಳು ತನ್ನ ಮೊದಲ ಕತೆ ಬರೆದಳು. ಚಂದ್ರನಲ್ಲಿ ಗಣಿ ತೋಡುವ ಗಂಡಸರಿಗಾಗಿ ಗಣಿಯ ಬಾಯಲ್ಲಿ ಕಾಯುವ ಹೆಂಗಸರ ಕತೆ. ಅಲ್ಲಿ ಗಾಳಿಯಿಲ್ಲ, ಆದ್ದರಿಂದ ಅಪಾಯದ ಶಿಳ್ಳೆ ಕೇಳಿಸುವುದಿಲ್ಲ. ಹೆಂಗಸರು ನೆಲಕ್ಕೆ ಅಂಗೈ ಒತ್ತಿ ಕೂತಿರುತ್ತಾರೆ, ಕೆಳಗಿನ ನಡುಕ ತಿಳಿಯಲೆಂದು. ಎಮ್ಲಿನ್ ಅದನ್ನು ಹಿತ್ತಲ ಮೆಟ್ಟಿಲ ಮೇಲೆ ಕೂತು ಓದಿದ. ಓದಿ ಮುಗಿಸಿದ ಮೇಲೂ ಹಾಳೆಗಳನ್ನು ಕೈಯಲ್ಲೇ ಹಿಡಿದಿದ್ದ.

“ನಿನ್ನ ಪೂರ್ತಿ ಹೆಸರಲ್ಲಿ ಹಾಕೋಣ,” ಎಂದ.

“ಬೈತಾರೆ.”

“ಬೈಲಿ. ನನ್ನನ್ನ ನೀನು ಬೈದಷ್ಟು ಯಾರಿಗೆ ಬೈಯೋಕೆ ಬರತ್ತೆ?” ಅವಳನ್ನು ನೋಡದೆ ಕೇಳಿದ, “ಮಿಲ್ಕಾ, ನನ್ನ ಮದುವೆ ಆಗ್ತೀಯಾ?”

ಹಿತ್ತಲಿನಾಚೆ ಗಣಿಯ ಕಪ್ಪು ಗುಡ್ಡೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಅವಳ ಗಂಟಲಲ್ಲಿ ಉತ್ತರ ಸಿದ್ಧವಾಗಿತ್ತು. ಅದನ್ನು ನುಂಗಿದಳು.

“ಗಣಿಯವನನ್ನ ಮದುವೆ ಆಗಲ್ಲ ಅಂತ ಅಣ್ಣ ಹೋದ ದಿನಾನೇ ಅಂದ್ಕೊಂಡಿದ್ದೀನಿ. ಮೊದ್ಲು ಆ ಕೆಲಸ ಬಿಡು. ಆಮೇಲೆ ಕೇಳು.”

“ಫಿಲಡೆಲ್ಫಿಯಾದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್‌ನವರು ಕ್ರಿಸ್ಮಸ್‌ಗೆ ಬಾ ಅಂದಿದ್ದಾರೆ.”

“ಹಾಗಾದ್ರೆ ಕ್ರಿಸ್ಮಸ್‌ಗೆ ಕೇಳು.”

“ಅಲ್ಲಿ ತನಕ ಸ್ವಲ್ಪ ಸುಳಿವಾದ್ರೂ?”

“ಮುಂದಿನ ಸಂಚಿಕೆ ನೋಡಿ ಅಂತ ನೀನೇ ತಾನೇ ಎಲ್ಲರಿಗೂ ಹೇಳೋದು?”

ಅವನು ನಗುತ್ತ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಅಷ್ಟು ಸುಳಿವು ಸಾಕಾಯಿತು.

ಕತೆಯಿದ್ದ ಸಂಚಿಕೆ ಅಕ್ಟೋಬರ್ ಮೊದಲ ವಾರ ಅಂಚೆಗೆ ಹೋಯಿತು. ಐದನೆಯ ದಿನ ಬೆಳಗ್ಗೆ ಹತ್ತೂವರೆಗೆ ಗಣಿಯ ಶಿಳ್ಳೆ ಕೂಗಿತು, ನಿಲ್ಲಲಿಲ್ಲ. ಗಿರಣಿಯ ಹುಡುಗಿಯರೆಲ್ಲ ಯಂತ್ರ ಬಿಟ್ಟು ಎದ್ದರು. ಲುಡ್ಮಿಲಾ ಓಡುವಾಗ ‘ಅಪ್ಪ, ಅಪ್ಪ’ ಎಂದುಕೊಂಡೇ ಓಡಿದಳು. ಗಣಿಯ ಬಾಯಲ್ಲಿ ಅಪ್ಪ ನಿಂತಿದ್ದ, ಮೈಯೆಲ್ಲ ಕಪ್ಪು, ಗಾಯವಿಲ್ಲ. ಅವಳು ಅವನ ಕೊರಳಿಗೆ ಬಿದ್ದಳು. ಅವನು ಅವಳ ಬೆನ್ನು ಸವರಿದ. 

“ಪಂಪಿನ ಕಡೆ ಅನಿಲ ಹೊತ್ಕೊಳ್ತು, ಮಿಲ್ಕಾ,” ಎಂದ ಅಪ್ಪ. “ಜೀವ ಇದೆ.”

ಆಸ್ಪತ್ರೆಯಲ್ಲಿ ಎಮ್ಲಿನ್‌ನ ತಲೆ, ಕಣ್ಣು, ಎರಡೂ ಕೈ ಬಟ್ಟೆಯಲ್ಲಿ ಸುತ್ತಿದ್ದರು. ತುಟಿ ಮಾತ್ರ ಕಾಣುತ್ತಿತ್ತು. ಬೆಂಕಿ ಒಳಗೂ ಹೋಗಿದೆ, ಎದೆ ಸುಟ್ಟಿದೆ, ಎಂದು ಡಾಕ್ಟರು ಹೊರಗೆ ಕರೆದು ಹೇಳಿದರು. ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಮಿಸೆಸ್ ಪ್ರಿಚರ್ಡ್ ಅವರು ಅದನ್ನು ಕೇಳಿ ತಲೆಯಾಡಿಸಿ, ಮಗನ ಪಕ್ಕದ ಕುರ್ಚಿಗೆ ವಾಪಸಾದರು. ಮಧ್ಯಾಹ್ನದ ಮೇಲೆ ಆ ಕುರ್ಚಿ ಲುಡ್ಮಿಲಾಳದು.

“ಕಾಗದ ಬಂತಾ?” ಇದೇ ಅವನ ಮೊದಲ ಮಾತು. “ನಿನ್ನ ಕತೆಗೆ?”

“ಇನ್ನೂ ಇಲ್ಲ.”

“ಬಂದ್ರೆ ತಗೊಂಡ್ ಬಾ. ಎಲ್ಲಾ ಓದ್ಬೇಕು. ಬೈಗುಳನೂ.”

ಅವಳು ಅವನ ಮನೆಗೆ ಹೋಗಿ, ಕೇಕಿನ ತಟ್ಟೆಯ ಜೆಲ್ಲಿ ಒರೆಸಿ, ಒಂದೇ ಪುಟ ಒತ್ತಿದಳು. ‘ಸಂಪಾದಕರಿಗೆ ಗಣಿಯಲ್ಲಿ ಅಪಘಾತವಾಗಿದೆ. ಬದುಕುವುದಿಲ್ಲ. ದಯವಿಟ್ಟು ತಕ್ಷಣ ಅವರಿಗೆ ಎರಡು ಸಾಲು ಬರೆಯಿರಿ. ಲುಡ್ಮಿಲಾ ಹ್ರುಷ್ಕಾ.’ ಉಳಿದಿದ್ದ ಇಪ್ಪತ್ತೈದು ಓದುಗರಿಗೂ ಅದೇ ದಿನ ಕಳಿಸಿದಳು.

ಆರನೆಯ ದಿನ ಉತ್ತರಗಳು ಬಂದವು. ಐದು. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಒಡೆದಳು. ಮೊದಲನೆಯದು ಟಟ್ಲ್‌ನದು.

‘ಏಪ್ರಿಲ್‌ನಲ್ಲಿ ಒಬ್ಬರು ಟ್ರಾಮಿಗೆ ಸಿಕ್ಕಿ ಸತ್ತರು, ನಾವು ಅತ್ತೆವು. ಈಗ ಸಂಪಾದಕರು ಗಣಿಯಲ್ಲಿ ಸಾಯುತ್ತಿದ್ದಾರೆ. ಡಿಸೆಂಬರ್‌ಗೆ ಯಾರ ಸರದಿ ಎಂದು ಈಗಲೇ ತಿಳಿಸಿದರೆ ಹೂವಿಗೆ ಹೇಳಿಟ್ಟುಕೊಳ್ಳುತ್ತೇವೆ. ಮಿಸ್ ಲುಡ್ಮಿಲಾ ಎಂಬುವವರೂ ಪ್ರಿಚರ್ಡ್ ಕಟ್ಟಿದ ಕತೆಯೇ ಎಂದು ನನ್ನ ನಂಬಿಕೆ.’

ಉಳಿದ ನಾಲ್ಕೂ ಅದೇ ರಾಗ. ಒಂದರಲ್ಲಿ ತಲೆಬುರುಡೆಯ ಚಿತ್ರ ಬರೆದು ಅದಕ್ಕೆ ಟೋಪಿ ಹಾಕಿದ್ದರು. ಅವಳ ಕತೆಯ ಬಗ್ಗೆ ಯಾರೂ ಒಂದು ಮಾತೂ ಬರೆದಿರಲಿಲ್ಲ.

ಅವಳು ಕೂತುಕೊಂಡಳು. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡಳು. ಒಳಗೆ ಹೋದಳು.

“ಕಾಗದದ ಸದ್ದು,” ಎಂದ ಎಮ್ಲಿನ್. ದನಿ ಒಡೆದ ಕೊಳಲಿನ ಹಾಗಿತ್ತು. “ಬಂತಾ?”

“ಬಂತು. ಐದು.”

“ಓದು, ಓದು.”

ಅವಳು ಟಟ್ಲ್‌ನ ಹಾಳೆ ಬಿಡಿಸಿದಳು. ಕಣ್ಣು ಅಕ್ಷರಗಳ ಮೇಲೆ ಓಡುತ್ತಿತ್ತು. ಬಾಯಿ ಬೇರೇನನ್ನೋ ಓದುತ್ತಿತ್ತು.

“‘ಪ್ರೀತಿಯ ಪ್ರಿಚರ್ಡ್, ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ. ಅದನ್ನು ತೀರಿಸಿಕೊಳ್ಳಲು ನೀನು ಇರಬೇಕು. ಆದ್ದರಿಂದ ಬೇಗ ಎದ್ದು ಬಾ. ಮಿಸ್ ಹ್ರುಷ್ಕಾ ಅವರ ಕತೆಯ ಕೊನೆ ಸಪ್ಪೆ. ಆದರೆ ಆ ಹೆಂಗಸರು ನೆಲಕ್ಕೆ ಅಂಗೈ ಒತ್ತಿ ಕೂತಿರುವ ಪುಟವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಒಲೆಯ ಮೇಲಿಟ್ಟ ಹಾಲು ಮರೆತಳು. ಓರ್ವಿಲ್ ಟಟ್ಲ್.’”

ಬಟ್ಟೆಯ ಕೆಳಗಿನ ತುಟಿ ಅಗಲವಾಯಿತು. “ನೋಡಿದ್ಯಾ? ಟಟ್ಲ್! ಟಟ್ಲ್‌ನೇ ಒಪ್ಪಿಕೊಂಡ. ಮುಂದಿಂದು?”

ಎರಡನೆಯದು ಓದಿದಳು, ಮೂರನೆಯದು ಓದಿದಳು. ಒಬ್ಬರು ರಾಕೆಟ್ಟಿನ ಲೆಕ್ಕ ತಪ್ಪಿದೆ ಎಂದರು; ಇನ್ನೊಬ್ಬರು ಕೊನೆಯ ಪ್ರತಿಯ ಶಾಯಿ ಕಾಣಿಸುವುದಿಲ್ಲ ಎಂದರು. ಬರೀ ಹೊಗಳಿದರೆ ಅವನು ನಂಬುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನಾಲ್ಕನೆಯದು ಅಯೋವಾದವರದು; ಅದರ ನಡುವೆ ಅವನು ತಡೆದ.

“ಮಿಲ್ಕಾ.”

“ಹ್ಞೂಂ?”

“ಟಟ್ಲ್‌ಗೆ ಇಷ್ಟು ಚೆನ್ನಾಗಿ ಬೈಯೋಕೆ ಬರಲ್ಲ. ಅಯೋವಾದವರಿಗಂತೂ ಬರೋದೇ ಇಲ್ಲ.” ಉಸಿರೆಳೆದುಕೊಳ್ಳಲು ಸ್ವಲ್ಪ ಹೊತ್ತಾಯಿತು. “ಇದು ಎಲ್. ಹ್ರುಷ್ಕಾ. ಆ ಕೈಬರಹ ನನಗೆ ಕಿವೀಲೂ ಕಾಣತ್ತೆ.”

ಅವಳು ಹಾಳೆ ಮಡಿಚಿದಳು. 

“ಅವರು ನಂಬ್ಲಿಲ್ಲ. ಅಲ್ವಾ?”

“ಎಮ್ಲಿನ್...”

“ನಾನೇ ಮಾಡಿಕೊಂಡಿದ್ದು. ಅವರ ಮೇಲೆ ಸಿಟ್ಟು ಮಾಡ್ಬೇಡ. ಅವತ್ತು ನಿಜವಾಗ್ಲೂ ಅತ್ತಿದ್ರು ಪಾಪ.” ಕಿಟಕಿಯ ಬಿಸಿಲು ಹೊದಿಕೆಯ ಮೇಲೆ ಸರಿದು ಬಂದಿತ್ತು. “ನಿಲ್ಲಿಸ್ಬೇಡ. ಇನ್ನೊಂದು ಇದೆ ಅಂದ್ಯಲ್ಲ.”

“ಯಾರದ್ದು ಓದ್ಲಿ?”

“ಹ್ರುಷ್ಕಾ ಅವರದ್ದೇ ಓದು. ಅವರಿಂದ ಒಂದು ಉತ್ತರ ಬರ್ಬೇಕು ನನಗೆ. ಕ್ರಿಸ್ಮಸ್ ತನಕ ಆಗಲ್ಲ ಅನ್ಸತ್ತೆ.”

ಲುಡ್ಮಿಲಾ ಕುರ್ಚಿಯನ್ನು ಮಂಚಕ್ಕೆ ತಾಗುವಂತೆ ಎಳೆದುಕೊಂಡಳು. ಕೈಯಲ್ಲಿದ್ದ ಹಾಳೆಗಳನ್ನು ನೆಲಕ್ಕಿಟ್ಟಳು.

“ಸಂಪಾದಕರೇ,” ಎಂದಳು. ಮತ್ತೆ ಮೊದಲಿನಿಂದ ಶುರುಮಾಡಿದಳು. “ಸಂಪಾದಕರೇ, ನಿಮ್ಮ ಪತ್ರಿಕೆ ಓದೋಕಾಗಲ್ಲ ಅಂತ ಪ್ರತಿ ತಿಂಗಳು ಬರೆದೆ. ಪ್ರತಿ ತಿಂಗಳು ಕಿಟಕಿ ಬೆಳಕಿಗೆ ಹಿಡಿದು ಒಂದೊಂದು ಅಕ್ಷರಾನೂ ಓದಿದೆ. ನೀವು ಬೇಸಿಗೇಲಿ ಒಂದು ಪ್ರಶ್ನೆ ಕೇಳಿದ್ರಿ. ಉತ್ತರ ಅವತ್ತೇ ಇತ್ತು. ಹೆದರಿಕೊಂಡು ಹೇಳ್ಲಿಲ್ಲ. ಹ್ಞೂಂ. ಆಗ್ತೀನಿ. ಆಗಿದ್ದೀನಿ. ಅವತ್ತಿಂದ್ಲೇ ಆಗಿದ್ದೀನಿ ಅಂತ ಬರ್ಕೊಳ್ಳಿ.”

ಅವನ ಬಟ್ಟೆ ಸುತ್ತಿದ ಕೈ ಹೊದಿಕೆಯ ಮೇಲೆ ಒಂದು ಅಂಗುಲ ಅವಳ ಕಡೆಗೆ ಸರಿಯಿತು. ಅದನ್ನು ಮುಟ್ಟುವ ಹಾಗಿರಲಿಲ್ಲ. ಅವಳು ತನ್ನ ಕೈಯನ್ನು ಅದರ ಪಕ್ಕದಲ್ಲೇ ಇಟ್ಟಳು.

“ಅಚ್ಚು ಹಾಕ್ತೀನಿ,” ಎಂದ ಎಮ್ಲಿನ್. “ಒಂದು ಅಕ್ಷರಾನೂ ತಿದ್ದಲ್ಲ.”

ಅದಾದ ಮೂರನೆಯ ದಿನ ಮಧ್ಯಾಹ್ನ ಅವನು ಹೋದ. ಅಮ್ಮ ಒಂದು ಕಡೆ ಇದ್ದರು, ಲುಡ್ಮಿಲಾ ಇನ್ನೊಂದು ಕಡೆ.

ಮಣ್ಣಾಗಿ ಎರಡು ದಿನದ ಮೇಲೆ ಹ್ರುಷ್ಕಾ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಮೂವತ್ತೈದರ ಆಸುಪಾಸಿನ ದಪ್ಪ ಮನುಷ್ಯ, ಕೈಯಲ್ಲಿ ಸಣ್ಣ ಪೆಟ್ಟಿಗೆ, ಬಸ್ಸಿನಲ್ಲಿ ಕೂತು ಕೂತು ಮುದುಡಿದ ಕೋಟು.

“ನಾನು ಓರ್ವಿಲ್ ಟಟ್ಲ್,” ಎಂದ. “ಎಲ್ಲಾ ಸುಳ್ಳು ಅಂತ ತೋರಿಸೋಕೆ ಬಂದೆ. ಪ್ರಿಚರ್ಡ್ ಮನೆಗೆ ಹೋಗಿದ್ದೆ. ಅವರ ತಾಯಿ...” ಮುಂದೆ ಹೇಳಲಾಗದೆ ಟೋಪಿಯ ಅಂಚು ಹಿಸುಕುತ್ತ ನಿಂತ. “ನೀವು ನಿಜವಾಗ್ಲೂ ಇದ್ದೀರಿ.”

ಅವನ ಮುಖಕ್ಕೆ ಬಾಗಿಲು ಹಾಕಬೇಕೆಂದು ಲುಡ್ಮಿಲಾಗೆ ಅನ್ನಿಸಿತು. ಕೈ ಬಾಗಿಲ ಮೇಲೆಯೇ ಇತ್ತು.

“ಒಳಗೆ ಬನ್ನಿ,” ಎಂದಳು.

ಅಪ್ಪ ಅವನ ಮುಂದೆ ಕಾಫಿ ಇಟ್ಟು ಎದ್ದುಹೋದ. ಟಟ್ಲ್ ಅದನ್ನು ಮುಟ್ಟಲಿಲ್ಲ. “ನಾನು ಬರೆದಿದ್ದನ್ನ ಅವನಿಗೆ ಓದಿ ಹೇಳಿದ್ರಾ?”

“ಇಲ್ಲ. ನಿಮ್ಮ ಹೆಸರಲ್ಲಿ ಬೇರೆ ಬರೆದು ಓದಿದೆ.”

ಅವನು ತಲೆಯೆತ್ತಿದ. “ಏನಂತ?”

ಅವಳು ಹೇಳಿದಳು. ಸಿಟ್ಟು, ಸಪ್ಪೆಯಾದ ಕೊನೆ, ಒಲೆಯ ಮೇಲಿನ ಹಾಲು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೇಳಿದ.

“ನನಗೆ ಮದುವೆ ಆಗಿಲ್ಲ,” ಎಂದ ಕೊನೆಗೆ.

“ನನಗೇನು ಗೊತ್ತು?”

“ಅವನು ಏನಂದ?”

“ಖುಷಿ ಪಟ್ಟ. ಟಟ್ಲ್‌ನೇ ಒಪ್ಪಿಕೊಂಡ ಅಂದ.”

ಟಟ್ಲ್‌ನ ಭುಜ ಕುಲುಕತೊಡಗಿತು. ಲುಡ್ಮಿಲಾ ಒಣಗಿದ ಕಣ್ಣಿನಿಂದ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ ಹಾಳೆ, ಪೆನ್ನು ತಂದು ಅವನ ಮುಂದಿಟ್ಟಳು.

“ಅವನಿಗೆ ಓದಿದ್ದನ್ನ ನಾನು ಹೇಳ್ತೀನಿ. ನೀವು ಬರೀರಿ. ನಿಮ್ಮ ಕೈಬರಹದಲ್ಲೇ ಇರ್ಲಿ.”

ಅವನು ಪೆನ್ನು ತೆಗೆದುಕೊಂಡ. ಅವಳು ಮೆಲ್ಲಗೆ, ಗಿರಣಿಯ ಆಫೀಸಿನಲ್ಲಿ ಬಾಯಲ್ಲಿ ಹೇಳಿ ಬರೆಸುವ ಹಾಗೆ, ಒಂದೊಂದೇ ಮಾತು ಹೇಳಿದಳು. ‘ಪ್ರೀತಿಯ ಪ್ರಿಚರ್ಡ್’ ಎಂದು ಬರೆದ. ‘ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ’ ಎಂದು ಬರೆದ. ‘ಬೇಗ ಎದ್ದು ಬಾ’ ಎನ್ನುವಲ್ಲಿ ಪೆನ್ನು ನಿಂತಿತು.

ಲುಡ್ಮಿಲಾ ಹಾಳೆಯ ಅಂಚನ್ನು ಬೆರಳಿಂದ ಒತ್ತಿ ಹಿಡಿದಳು.

“ಬರೀರಿ,” ಎಂದಳು.